ಗೊಂಬೆ ಹಬ್ಬದ ಒತ್ತಡ ನಮ್ಮ ಮನೆಯಲ್ಲಿ ಇಳಿದದ್ದು ಹೀಗೆ

ಗೊಂಬೆ ಕೂರಿಸುವ ಮನೆಯಲ್ಲಿ ನವರಾತ್ರಿ ಎಂದರೆ ಒಂಬತ್ತು ಸಂಜೆಯೂ ಬಾಗಿಲು ತೆರೆದೇ ಇರಬೇಕು. ಪಾಡ್ಯದಂದು ಪಟ್ಟದ ಗೊಂಬೆ ಇಟ್ಟರೆ ಮುಗಿಯಿತು, ದಿನಾ ಆರತಿ, ಮಕ್ಕಳಿಗೆ ಗೊಂಬೆ ಬಾಗಿನ, ಹೆಂಗಸರಿಗೆ ಅರಿಶಿನ ಕುಂಕುಮ. ಮೈಸೂರಿನಲ್ಲಿ ಕಚೇರಿಗೂ ಹೋಗುತ್ತಾ ಇದನ್ನೆಲ್ಲ ನಡೆಸುವಾಗ ಕೈಗಿಂತ ಹೆಚ್ಚು ದಣಿಯುತ್ತಿದ್ದದ್ದು ನನ್ನ ತಲೆ. ಅಟ್ಟದ ಪೆಟ್ಟಿಗೆ ಇಳಿಸುವುದರಿಂದ ಹಿಡಿದು ನಾಳೆಯ ಉಸಲಿಗೆ ಕಡಲೆಕಾಳು ನೆನೆಹಾಕುವವರೆಗೆ ಎಲ್ಲವೂ ನನ್ನೊಬ್ಬಳ ನೆನಪಿನಲ್ಲೇ ಇರಬೇಕಿತ್ತು. "ಏನು ಮಾಡ್ಲಿ, ಹೇಳು" ಎಂದು ಮನೆಯವರು ಕೇಳಿದರೂ ಹೇಳುವ ಕೆಲಸ ನನ್ನದೇ.

ಆಮೇಲೆ ನೆರವು ಕೇಳುವುದನ್ನು ಬಿಟ್ಟು ಇಡೀ ಕೆಲಸವನ್ನೇ ಒಪ್ಪಿಸಿಬಿಟ್ಟೆ. ಹೂವು ಪೂರ್ತಿ ಯಜಮಾನರದು. ಎಷ್ಟು ಮಾರು, ಯಾವತ್ತು, ದೇವರಾಜ ಮಾರುಕಟ್ಟೆಯೋ ಬೀದಿ ಕೊನೆಯ ಅಂಗಡಿಯೋ, ಎಲ್ಲ ಅವರದೇ ತೀರ್ಮಾನ. ಆಯುಧಪೂಜೆ ಹತ್ತಿರವಾದಂತೆ ಸೇವಂತಿಗೆ ಬೆಲೆ ಏರುತ್ತದೆ ಎಂದು ನಾನು ನೆನಪಿಸುವುದಿಲ್ಲ. ಬಾಗಿನದ ಡಬ್ಬಿಗಳು ಮಗಳದು. ಬಂದವರನ್ನು ಕೂರಿಸಿ ಮಾತಾಡಿಸುವುದು ಅತ್ತೆಯವರದು, ಅವರಿಗೆ ಅದು ಪ್ರಾಣ. ಸುಮ್ಮನಿರುವುದನ್ನು ಕಲಿಯಲು ನನಗೆ ಸಮಯ ಹಿಡಿಯಿತು. ಹೂವು ಸಾಲದೇ ಬಂದ ಸಂಜೆ ಇದ್ದಷ್ಟರಲ್ಲೇ ಆರತಿ ಮಾಡಿದೆವು, ಯಾರೂ ಏನೂ ಅನ್ನಲಿಲ್ಲ.

ತಿಂಡಿಯದು ಬೇರೆ ಕಥೆ. ದಿನಕ್ಕೊಂದು ಬಗೆ ಆಗಲೇಬೇಕೆಂಬುದು ಮನೆಯಲ್ಲಿ ಹೇಗೋ ಬೇರೂರಿತ್ತು. "ಅತ್ತೆ, ನಿಮ್ಮ ಕಾಲದಲ್ಲಿ ಏನು ಕೊಡ್ತಿದ್ರಿ?" ಎಂದು ಒಮ್ಮೆ ಕೇಳಿದೆ. "ಉಸಲಿ, ಕೊಬ್ಬರಿ ಸಕ್ಕರೆ, ಇನ್ನೇನಮ್ಮ?" ಎಂದರು. ಈಗ ಕೆಲಸದ ದಿನಗಳಲ್ಲಿ ಅಷ್ಟೇ. ಚಕ್ಕುಲಿ, ಕೋಡುಬಳೆ ಹಿಂದಿನ ಭಾನುವಾರವೇ ಡಬ್ಬಿ ಸೇರುತ್ತವೆ. ಒಬ್ಬಟ್ಟು ವಿಜಯದಶಮಿಗೆ ಮಾತ್ರ.

ಬಂದವರ ಜೊತೆಗೆಲ್ಲ ನಾನೂ ಒಂದೊಂದು ಲೋಟ ಕಾಫಿ ಕುಡಿಯುವುದನ್ನು ನಿಲ್ಲಿಸಿದೆ. ಐದಾರು ಗಂಟೆ ಕಳೆದರೂ ಕೆಫೀನ್ ಅರ್ಧದಷ್ಟು ಮೈಯಲ್ಲೇ ಉಳಿದಿರುತ್ತದೆ. ಸಂಜೆ ಮಜ್ಜಿಗೆಗೆ ಬದಲಾಯಿಸಿದ ಮೇಲೆ ನಿದ್ದೆ ಬರತೊಡಗಿತು, ಮಕ್ಕಳ ಮೇಲೆ ರೇಗುವುದೂ ತಗ್ಗಿತು. ಆಯುಧಪೂಜೆಗೆ ಲ್ಯಾಪ್‌ಟಾಪಿಗೂ ಕುಂಕುಮ ಇಟ್ಟು ಪೂಜೆಗಿಡುತ್ತೇನೆ. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಮುಟ್ಟುವ ಹಾಗಿಲ್ಲವಲ್ಲ! ಕಚೇರಿಗೆ ಮೊದಲೇ ತಿಳಿಸಿರುತ್ತೇನೆ.

ಎಲ್ಲ ಒತ್ತಡವೂ ಕೆಲಸ ಹಂಚಿದರೆ ಕರಗುವುದಿಲ್ಲ. ಮನೆಯವರನ್ನು ಕಳೆದುಕೊಂಡವರಿಗೆ ಹಬ್ಬದ ದಿನಗಳೇ ಭಾರ. ನಿದ್ದೆ, ಊಟ ಬಿಟ್ಟುಹೋಗಿ ಮನಸ್ಸು ಕುಸಿಯುತ್ತಿದ್ದರೆ 14416ಕ್ಕೆ ಕರೆ ಮಾಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದು, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ವಿಜಯದಶಮಿ ಕಳೆದು ಇಪ್ಪತ್ತು ದಿನಕ್ಕೆಲ್ಲ ದೀಪಾವಳಿ ಅಮಾವಾಸ್ಯೆ. ಅದಕ್ಕೇ ಗೊಂಬೆಗಳನ್ನು ಪೆಟ್ಟಿಗೆಗೆ ತುಂಬುವಾಗಲೇ ಮುಂದಿನ ಕೆಲಸ ಹಂಚಿಕೊಳ್ಳುತ್ತೇವೆ. ನೀರು ತುಂಬುವ ಹಬ್ಬ, ಎಣ್ಣೆಸ್ನಾನದ ಏರ್ಪಾಡನ್ನೆಲ್ಲ ಈ ಸಲ ಮಗ ತಾನಾಗಿ ಕೇಳಿ ತೆಗೆದುಕೊಂಡಿದ್ದಾನೆ.