ಕೋಡಿ ನೀರಿನ ಹಿಂದೆ ಸೈಕಲ್: ಕೋಲಾರದ ಕೆರೆಗಳಲ್ಲಿ ನನ್ನ ಅನುಭವ

ಕೋಲಾರದ ಕಡೆ ಸೈಕಲ್ ಪ್ರವಾಸ ಅಂದರೆ ಬಹಳ ಜನ ಬೆಟ್ಟಗಳನ್ನೇ ಹೇಳುತ್ತಾರೆ. ನಂದಿ, ಅಂತರಗಂಗೆ, ಆವನಿ. ಹತ್ತಿ ಇಳಿಯುವ ಖುಷಿ ನನಗೂ ಗೊತ್ತು. ಆದರೆ ಈ ಸೀಮೆಯನ್ನು ಸಾಕಿದ್ದು ಕೆರೆಗಳು. ಅದಕ್ಕೇ ನಾನು ದಾರಿ ಹುಡುಕುವುದೂ ಕೆರೆಯ ಲೆಕ್ಕದಲ್ಲಿ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ನೀರು ಯಾವ ಕೆರೆಗೆ ಹೋಗುತ್ತದೋ ನನ್ನ ಸೈಕಲ್ಲೂ ಅಲ್ಲಿಗೇ.

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ಕೋಲಾರ ಜಿಲ್ಲೆಯನ್ನು ಹಾದು ಆಂಧ್ರಕ್ಕೆ, ಅಲ್ಲಿಂದ ತಮಿಳುನಾಡಿಗೆ ಹೋಗುತ್ತದೆ. ನಕ್ಷೆಯಲ್ಲಿ ಅದು ನದಿ. ಊರುಗಳಲ್ಲಿ ನಿಂತು ಪಾಲಾರ್ ಎಲ್ಲಿ ಎಂದು ಕೇಳಿದರೆ ಮಾತ್ರ ಜನ ಕೈ ತೋರಿಸುವುದು ಕೆರೆಯ ಕಡೆಗೆ. ನದಿಯನ್ನೇ ತುಂಡು ತುಂಡಾಗಿ ತಡೆದು ಕೆರೆ ಮಾಡಿಕೊಂಡ ನಾಡು ಇದು. 1892ರಲ್ಲಿ ಮೈಸೂರು ಮತ್ತು ಮದರಾಸಿನ ನಡುವೆ ಆದ ಒಪ್ಪಂದದ ನದಿಗಳ ಪಟ್ಟಿಯಲ್ಲಿ ಪಾಲಾರ್ ಕೂಡ ಇತ್ತು. ಮದರಾಸಿನ ಒಪ್ಪಿಗೆ ಇಲ್ಲದೆ ನದಿಯ ಮೇಲ್ಭಾಗದ ಮೈಸೂರಿನವರು ಹೊಸ ಜಲಾಶಯ ಕಟ್ಟುವ ಹಾಗಿರಲಿಲ್ಲ. ಇದ್ದ ಹಳೆಯ ಕೆರೆಗಳೇ ಗತಿ ಆಗಿದ್ದರಿಂದ ಕೆರೆಯ ಕಟ್ಟೆಯಾದ ಏರಿ, ಹೊಲಕ್ಕೆ ನೀರು ಬಿಡುವ ತೂಬು, ಹೆಚ್ಚಿದ ನೀರು ಹೊರಬೀಳುವ ಕೋಡಿ, ಇವುಗಳ ಮೇಲೆ ಜನಕ್ಕೆ ಅಷ್ಟು ಕಣ್ಣು.

ದಾರಿ ಗುರುತು ಮಾಡಿಕೊಳ್ಳಲು ಮೊಬೈಲಿನ ಉಪಗ್ರಹ ನಕ್ಷೆ ಸಾಕು. ಬಿಲ್ಲಿನಂತೆ ಬಾಗಿದ ಗೆರೆ ಕಂಡರೆ ಅದು ಏರಿ. ಏರಿಯ ಕೆಳಗೆ ಹಸಿರು ಪಟ್ಟಿ ಇದ್ದರೆ ಅದು ಅಚ್ಚುಕಟ್ಟು, ಅಂದರೆ ಆ ಕೆರೆಯ ನೀರುಣ್ಣುವ ಬಯಲು. ಏರಿಯ ಒಂದು ತುದಿಯಿಂದ ಹೊರಟ ಕಾಲುವೆಯ ಜಾಡು ಹಿಡಿದರೆ ಮುಂದಿನ ಕೆರೆ ಸಿಗುತ್ತದೆ. ಜಾಡು ತಪ್ಪಿದಲ್ಲಿ ಅರಳಿಕಟ್ಟೆಯ ಮೇಲೆ ಕೂತ ಹಿರಿಯರನ್ನು ಕೇಳುತ್ತೇನೆ: "ತಾತಾ, ಈ ಕೆರೆ ಕೋಡಿ ನೀರು ಯಾವ ಕೆರೆಗೆ ಹೋಗ್ತದೆ?" ಒಂದು ಕೆರೆ ಕೇಳಿದರೆ ಮುಂದಿನ ನಾಲ್ಕು ಕೆರೆಗಳ ಹೆಸರು ಹೇಳಿಬಿಡುತ್ತಾರೆ. ಕೆರೆಯ ನೀರು ಬಿಡುವ ಕೆಲಸದ ನೀರುಗಂಟಿ ಮನೆತನದವರು ಸಿಕ್ಕರಂತೂ ಯಾವ ತೂಬು ಯಾವ ಬಯಲಿಗೆ ಎಂಬುದೂ ತಿಳಿಯುತ್ತದೆ. ಮೊಬೈಲ್ ತಾನಾಗಿ ತೋರಿಸುವ ದಾರಿಯನ್ನು ನಂಬಿದರೆ ಅದು ಚೆನ್ನೈ ಹೆದ್ದಾರಿಗೆ ತಂದು ಬಿಡುತ್ತದೆ.

ನರಸಾಪುರದ ಕಡೆಯಿಂದ ಶುರು ಮಾಡುವುದು ನನಗೆ ಇಷ್ಟ. ಹತ್ತಿರದ ಲಕ್ಷ್ಮೀಸಾಗರ ಕೆರೆಗೆ 2018ರಲ್ಲಿ ಕೆ.ಸಿ. ವ್ಯಾಲಿಯ ನೀರು ಮೊದಲು ಬಂತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರ್‌ವರೆಗೆ ಪಂಪ್ ಮಾಡಿ, ಕೆರೆಯಿಂದ ಕೆರೆಗೆ ಹರಿಸುವ ಯೋಜನೆ ಅದು. ಉದ್ದೇಶ ಅಂತರ್ಜಲ ಮರುಪೂರಣ ಮಾತ್ರ. ಕುಡಿಯಲಿಕ್ಕಲ್ಲ, ಕೆರೆಗೇ ಪಂಪ್ ಇಟ್ಟು ಹೊಲಕ್ಕೆ ಎತ್ತಲಿಕ್ಕೂ ಅಲ್ಲ. ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಎಂಬ ಜಿಲ್ಲೆಯ ಹೋರಾಟಗಾರರ ಬೇಡಿಕೆ ನನಗೂ ನ್ಯಾಯ ಅನ್ನಿಸುತ್ತದೆ. ಒಣಗಿದ್ದ ಬಾವಿಗಳಲ್ಲಿ ನೀರು ಕಂಡ ರೈತರ ಖುಷಿಯನ್ನೂ ಕಣ್ಣಾರೆ ನೋಡಿದ್ದೇನೆ. ಸೈಕಲ್ ಹೊಡೆಯುವವರಿಗೆ ಇಷ್ಟೇ ಹೇಳುತ್ತೇನೆ: ಈ ಸಾಲಿನ ಕೆರೆಗಳಲ್ಲಿ ಮುಖ ತೊಳೆಯಬೇಡಿ, ಬಾಟಲಿ ತುಂಬಬೇಡಿ.

ಬೋರ್‌ವೆಲ್ ನೀರೂ ಬೇಡ, ಈ ಕಡೆ ಫ್ಲೋರೈಡ್ ಹೆಚ್ಚು. ಹಳ್ಳಿಗಳ ಶುದ್ಧ ನೀರಿನ ಘಟಕವೇ ಒಳ್ಳೆಯದು. ನಾಣ್ಯ ಹಾಕಿದರೆ ಒಂದು ಕ್ಯಾನ್ ನೀರು ಒಟ್ಟಿಗೇ ಸುರಿಯುತ್ತದೆ. ಹಾಗಾಗಿ ಕ್ಯಾನ್ ತುಂಬಿಸಲು ಬಂದವರ ಪಕ್ಕ ನಿಂತು ನಾಣ್ಯ ನಾನು ಹಾಕುತ್ತೇನೆ. ಮೊದಲು ನನ್ನ ಬಾಟಲಿಗಳು, ಉಳಿದದ್ದು ಅವರ ಕ್ಯಾನ್‌ಗೆ. ನೀರೂ ಪೋಲಾಗುವುದಿಲ್ಲ, ಮುಂದಿನ ದಾರಿಯ ಮಾತೂ ಆಗುತ್ತದೆ.

ಇನ್ನು ಜಾಲಿ. ವರ್ಷಗಟ್ಟಲೆ ಒಣಗಿದ್ದ ಕೆರೆಯಂಗಳಗಳಲ್ಲಿ ಬಳ್ಳಾರಿ ಜಾಲಿ ಕಾಡಾಗಿ ಬೆಳೆದಿದೆ. ಏರಿಯ ಮೇಲೂ ಅದೇ. ಕಡಿದ ಜಾಲಿಯನ್ನು ಸಾಗಿಸಿದ ದಾರಿಯಲ್ಲಿ ಮುಳ್ಳು ಉದುರಿರುತ್ತದೆ. ಒಳಹೊಕ್ಕ ಮುಳ್ಳು ಹೊರಗಡೆ ಮುರಿದುಹೋಗಿ, ಮೊನೆ ಮಾತ್ರ ಟೈರಿನೊಳಗೆ ಉಳಿಯುತ್ತದೆ. ಬೆರಳಾಡಿಸಿದರೆ ಬೆರಳಿಗೇ ಚುಚ್ಚುತ್ತದೆ, ಕಣ್ಣಿಗಂತೂ ಕಾಣುವುದಿಲ್ಲ. ಅದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಅರ್ಧ ಕಿಲೋಮೀಟರಿಗೆ ಮತ್ತೆ ಪಂಕ್ಚರ್. ಒಂದು ಉಂಡೆ ಹತ್ತಿಯನ್ನು ಟೈರಿನ ಒಳಮೈಗೆ ಒತ್ತಿ ನಿಧಾನಕ್ಕೆ ಒಂದು ಸುತ್ತು ಎಳೆಯಿರಿ. ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲೇ ಮುಳ್ಳಿರುತ್ತದೆ. ಅದನ್ನು ಕೀಳಲು ಚಿಮಟ ಬೇಕು. ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಟೈರಿಗೂ ಹೊಸ ಟ್ಯೂಬಿಗೂ ನಡುವೆ ಹಾಸಿದ ಮೇಲೆ ನನಗೆ ಈ ಕಾಟ ಬಹಳ ಕಡಿಮೆಯಾಗಿದೆ. ಸೈಕಲ್ ಸ್ವಲ್ಪ ಭಾರ ಅನ್ನಿಸುತ್ತದೆ, ಪರವಾಗಿಲ್ಲ.

ಹೊರಡಲು ಒಳ್ಳೆಯ ಕಾಲ ಕಾರ್ತಿಕದಿಂದ ಸಂಕ್ರಾಂತಿವರೆಗೆ. ಹಿಂಗಾರು ಮುಗಿದು ಕೆರೆಗಳಲ್ಲಿ ನೀರಿರುತ್ತದೆ, ಅವರೆಕಾಯಿ ಬಂದಿರುತ್ತದೆ. ಮುದ್ದೆ, ಹಿತಕಿದ ಬೇಳೆ ಸಾರು ಸಿಗುವ ಹೋಟೆಲ್ ಕಂಡರೆ ನಾನು ಹೊತ್ತು ನೋಡುವುದಿಲ್ಲ, ಇಳಿದುಬಿಡುತ್ತೇನೆ. ಆಗಲೇ ರಾಗಿ ಒಕ್ಕಣೆಯೂ ನಡೆಯುತ್ತಿರುತ್ತದೆ. ರಸ್ತೆಗೆ ಹರಡಿದ ತೆನೆಯ ಮೇಲೆ ಸೈಕಲ್ ಹತ್ತಿಸಬೇಡಿ. ಹುಲ್ಲು ಹಿಂದಿನ ಗೇರಿಗೆ ಸುತ್ತಿಕೊಳ್ಳುತ್ತದೆ, ಅದಕ್ಕಿಂತ ಹೆಚ್ಚಾಗಿ ಅದು ಒಬ್ಬರ ವರ್ಷದ ಅನ್ನ. ಇಳಿದು ಅಂಚಿನಲ್ಲಿ ತಳ್ಳಿಕೊಂಡು ಹೋದರೆ ಆಯಿತು.

ಕೋಡಿಯ ಮೇಲೆ ನೀರು ಹರಿಯುತ್ತಿದ್ದರೆ ಸೈಕಲ್ ಓಡಿಸಲೇಬಾರದು. ಕಲ್ಲಿನ ಮೇಲೆ ಪಾಚಿ ಇರುತ್ತದೆ, ನೀರು ಪಾದ ಮುಳುಗುವಷ್ಟೇ ಇದ್ದರೂ ಚಕ್ರ ಜಾರುತ್ತದೆ. 2021ರ ನವೆಂಬರ್ ಮಳೆಗೆ ಈ ಜಿಲ್ಲೆಯ ಎಷ್ಟೋ ಕೆರೆಗಳು ಬಹಳ ಕಾಲದ ಮೇಲೆ ತುಂಬಿ ಹರಿದವು. ಹಿನ್ನೀರು ಹಳ್ಳಿ ರಸ್ತೆಗಳನ್ನೂ ನುಂಗಿತ್ತು. ಬೇತಮಂಗಲದ ಕಡೆಗೆ ಹೋಗುವಾಗ ಒಂದು ಕೆರೆಯ ಬಳಿ ದಾರಿ ಹೀಗೇ ನೀರಿನೊಳಗೆ ಇಳಿದುಹೋಗಿತ್ತು. ಸುತ್ತಿ ಹೋದರೆ ಹೆದ್ದಾರಿ. ಆಚೆ ದಡದಲ್ಲಿ ಹರಿಗೋಲು ಕಂಡಿತು.

ಕೆರೆಯ ಮೀನು ಗುತ್ತಿಗೆ ಹಿಡಿದವರ ಹರಿಗೋಲು ಅದು. ಬಿದಿರು ಹೆಣೆದು, ಹೊರಗೆ ಪ್ಲಾಸ್ಟಿಕ್ ಚೀಲ ಹೊಲಿದು, ಡಾಂಬರು ಬಳಿದದ್ದು. ಮೀನು ಹಿಡಿಯುವ ಅಣ್ಣ ಮೊದಲು ನನ್ನನ್ನು ನೋಡಲಿಲ್ಲ, ಸೈಕಲ್ಲಿನ ಹಲ್ಲುಗಾಲಿಯನ್ನು ನೋಡಿದರು. "ಅಣ್ಣಾ, ಇದು ಚುಚ್ಚಿದ್ರೆ ನಾವಿಬ್ರೂ ಜಿಲೇಬಿ ಮೀನಿನ ಜೊತೆಗೇ" ಅಂದರು. ಅವರು ಹೇಳಿದ್ದು ಸರಿ. ಪೆಡಲ್ ಬಿಚ್ಚಿದೆ. ಹಲ್ಲುಗಾಲಿಗೆ ಟವೆಲ್ ಸುತ್ತಿ ಕಟ್ಟಿದೆ. ಮುಂದಿನ ಚಕ್ರ ಕಳಚಿ, ಗೇರ್ ಇರುವ ಮಗ್ಗುಲು ಮೇಲೆ ಬರುವ ಹಾಗೆ ಸೈಕಲ್ಲನ್ನು ಗೋಣಿಚೀಲದ ಮೇಲೆ ಮಲಗಿಸಿದೆವು. ಬ್ಯಾಗುಗಳನ್ನು ಎದುರು ಬದಿಗೆ ಇಟ್ಟು ತೂಕ ಸರಿ ಮಾಡಿದರು. ನನಗೆ ತಳದಲ್ಲಿ ಕಾಲು ಮಡಿಸಿ ಕೂರಲು ಹೇಳಿದರು.

ಲೈಫ್ ಜಾಕೆಟ್ ನನ್ನ ಬ್ಯಾಗಿನಲ್ಲಿ ಇದ್ದೇ ಇರುತ್ತದೆ, ಅದನ್ನು ತೊಡದೆ ನಾನು ಹರಿಗೋಲು ಹತ್ತುವುದಿಲ್ಲ. ಜಾಗ ಹಿಡಿಯುತ್ತದೆ ಎಂದು ಮನೆಯಲ್ಲಿ ಬಿಟ್ಟು ಬರುವವರು ನೀರಿಗೆ ಇಳಿಯುವುದೇ ಬೇಡ.

ಹುಟ್ಟು ಹಾಕುವುದು ಒಂದು ಕಲೆ. ಹರಿಗೋಲಿಗೆ ಮುಂದು ಹಿಂದು ಇಲ್ಲ, ಸುಮ್ಮನೆ ತಳ್ಳಿದರೆ ಇದ್ದಲ್ಲೇ ಗಿರಗಿರ ತಿರುಗುತ್ತದೆ. ಆ ಅಣ್ಣ ಎದುರಿಗೆ ಬಾಗಿ, ಹುಟ್ಟನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸುತ್ತಾ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದರು. ನೇರ ದಾರಿ ಬಿಟ್ಟು ಬಳಸಿ ಹೋದರು. ಕಾರಣ ಕೇಳಿದರೆ ನೀರಿನೊಳಗೆ ಬೆರಳು ತೋರಿಸಿದರು. ಕೆರೆ ತುಂಬುವ ಮೊದಲು ಬೆಳೆದಿದ್ದ ಜಾಲಿ ಮರಗಳು ಮುಳುಗಿ ಸತ್ತು ಕೆಳಗೆ ನಿಂತಿದ್ದವು. ಕೆಲವದರ ತುದಿ ಮಾತ್ರ ಮೇಲಿತ್ತು, ಅದರ ಮೇಲೆ ನೀರುಕಾಗೆ. ಮೇಲೆ ಕಾಣದ ಕೊಂಬೆಯೇ ಅಪಾಯ, ಹರಿಗೋಲಿನ ತಳ ಸೀಳಿಬಿಡುತ್ತದೆ. ಎಲ್ಲೆಲ್ಲಿ ಮರ ಇತ್ತು ಎಂದು ಬರಗಾಲದಲ್ಲಿ ಆ ಅಂಗಳದಲ್ಲಿ ದನ ಮೇಯಿಸಿದವರಿಗೇ ಗೊತ್ತು. ಊರಿನವರಿಲ್ಲದೆ ಕೆರೆ ದಾಟಬಾರದು ಎಂದು ನಾನು ಹೇಳುವುದು ಇದಕ್ಕೇ.

ದಾಟುವುದಾದರೆ ಬೆಳಿಗ್ಗೆಯೇ ದಾಟಿ. ಬಿಸಿಲೇರಿದ ಮೇಲೆ ಗಾಳಿ ಎದ್ದರೆ ಅವರೇ ಒಪ್ಪುವುದಿಲ್ಲ. ಬಲೆ ಎತ್ತುವ ಹೊತ್ತಿಗೆ ಹೋಗಿ ಅವರ ಕೆಲಸ ಕೆಡಿಸಬೇಡಿ, ಮುಗಿಯುವವರೆಗೂ ಏರಿಯ ಮೇಲೆ ಕಾಯಿರಿ. ದುಡ್ಡಿನ ಮಾತನ್ನು ಈಚೆ ದಡದಲ್ಲೇ ಮುಗಿಸಿ, ಅವರು ಕೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಕೊಡಿ. ಒಂದು ಸಲಕ್ಕೆ ಒಬ್ಬ ಸವಾರ, ಒಂದು ಸೈಕಲ್, ಅಷ್ಟೇ.

ಆಚೆ ದಡದಿಂದ ಅಚ್ಚುಕಟ್ಟಿನ ಗಾಡಿದಾರಿ ಹಿಡಿದು ಬೇತಮಂಗಲ ಸೇರಬಹುದು. ಹಳೆಯ ಹೆಸರು ವಿಜಯಾದಿತ್ಯಮಂಗಲ. ಕೆಜಿಎಫ್ ಗಣಿ ಊರಿಗೆ ನೀರು ಹೋಗುತ್ತಿದ್ದದ್ದು ಇದೇ ಕೆರೆಯಿಂದ. ರಾತ್ರಿ ತಂಗಲು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಲಾಡ್ಜ್‌ಗಳಿವೆ. ಪಾಲಾರಿನ ಜಾಡಲ್ಲೇ ರಾಮಸಾಗರಕ್ಕೆ ಹೋಗುವವರು ಬೇತಮಂಗಲದಲ್ಲೇ ಬಾಟಲಿ ತುಂಬಿಸಿಕೊಂಡು, ಕೋಡಿ ಹರಿಯುತ್ತಿದೆಯೇ ಎಂದು ವಿಚಾರಿಸಿಕೊಂಡು ಹೊರಡಿ.