ಬ್ಯಾಕಪ್ ಇದೆ ಸರಿ, ವಾಪಸ್ ಬರುತ್ತಾ? ಸಣ್ಣ ಕಂಪನಿಗೆ ಡಿಆರ್ ಸೈಟ್ ಯೋಜನೆ

ಕೆಲವು ವರ್ಷದ ಹಿಂದೆ ಒಂದು ಸೋಮವಾರ ಬೆಳಿಗ್ಗೆ ಪೀಣ್ಯದ ಒಂದು ಬಿಡಿಭಾಗ ತಯಾರಿಸುವ ಕಂಪನಿಯಿಂದ ನನಗೆ ಫೋನ್ ಬಂತು. ಸರ್ವರ್‌ನಲ್ಲಿದ್ದ ಫೈಲುಗಳ ಹೆಸರೆಲ್ಲ ಬದಲಾಗಿವೆ, ಒಂದೂ ತೆರೆಯುತ್ತಿಲ್ಲ ಅಂದರು. ರಾನ್ಸಮ್‌ವೇರ್, ಅಂದರೆ ಫೈಲುಗಳಿಗೆ ಬೀಗ ಹಾಕಿ ಬಿಡಿಸಲು ದುಡ್ಡು ಕೇಳುವ ಕುತಂತ್ರಾಂಶ. "ಬ್ಯಾಕಪ್ ಇದೆ ಸರ್, ದಿನಾ ತೆಗೀತೀವಿ" ಅಂತ ಅಕೌಂಟೆಂಟ್ ಧೈರ್ಯವಾಗಿಯೇ ಹೇಳಿದರು. ಹೋಗಿ ನೋಡಿದರೆ ಬ್ಯಾಕಪ್ ಡಿಸ್ಕು ಅದೇ ಸರ್ವರ್‌ಗೆ ಚುಚ್ಚಿಕೊಂಡೇ ಇತ್ತು. ಅದರೊಳಗಿನ ಫೈಲುಗಳೂ ಲಾಕ್ ಆಗಿದ್ದವು. ಮಾಲೀಕರ ಮನೆಯ ಬೀರುವಿನಲ್ಲಿ ಹಳೆಯ ಡಿಸ್ಕು ಒಂದು ಸಿಕ್ಕಿತು, ಅದು ಮೂರು ತಿಂಗಳ ಹಿಂದಿನದು. ಆ ಮೂರು ತಿಂಗಳ ಬಿಲ್ಲುಗಳನ್ನು ಕಾಗದ ನೋಡಿಕೊಂಡು ಮತ್ತೆ ಟೈಪ್ ಮಾಡಿದರು. ಆ ದಿನಗಳಲ್ಲಿ ಅವರ ಮುಖ ನೋಡಿದ್ದು ಇನ್ನೂ ಮರೆತಿಲ್ಲ. ಮೂವತ್ತು, ಐವತ್ತು, ನೂರು ಜನ ಕೆಲಸ ಮಾಡುವ ಇಂಥ ಕಂಪನಿಗಳಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ಬ್ಯಾಕಪ್ ಅಂದರೆ ಡೇಟಾದ ಪ್ರತಿ. ಡಿಆರ್ (ಡಿಸಾಸ್ಟರ್ ರಿಕವರಿ) ಅಂದರೆ ಮುಖ್ಯ ಜಾಗ ಹಾಳಾದಾಗ ಬೇರೆ ಜಾಗದಿಂದ ಕೆಲಸ ಮತ್ತೆ ಶುರು ಮಾಡುವ ಏರ್ಪಾಡು. ಪ್ರತಿ ಇದ್ದು ಅದನ್ನು ಓಡಿಸಲು ಯಂತ್ರವಿಲ್ಲ, ಪಾಸ್‌ವರ್ಡ್ ಇಲ್ಲ, ಗೊತ್ತಿರುವ ಜನ ಇಲ್ಲ ಅಂದರೆ ಅದು ಬೀರುವಿನಲ್ಲಿರುವ ಡಿಸ್ಕು, ಅಷ್ಟೇ. ಆದ್ದರಿಂದ ಯೋಜನೆಯನ್ನು ಹಿಂದಿನಿಂದ ಶುರು ಮಾಡಿ. ಎಲ್ಲ ಹೋದ ಮಾರನೇ ದಿನ ಬೆಳಿಗ್ಗೆ ಒಂಬತ್ತು ಗಂಟೆಗೆ ಏನು ನಡೆಯಲೇಬೇಕು ಅಂತ ಕೇಳಿಕೊಳ್ಳಿ.

ಇದನ್ನು ಐಟಿಯವರು ಒಬ್ಬರೇ ಕೂತು ಬರೆಯಬಾರದು. ಅಕೌಂಟ್ಸ್, ಸ್ಟೋರ್ಸ್, ಡಿಸ್ಪ್ಯಾಚ್, ಡಿಸೈನ್ ಎಲ್ಲರ ಹತ್ತಿರ ಹೋಗಿ ಎರಡು ಪ್ರಶ್ನೆ ಕೇಳಿ. ಎಷ್ಟು ಹೊತ್ತಿನ ಕೆಲಸ ಕಳೆದುಹೋದರೆ ತಡೆದುಕೊಳ್ಳಬಹುದು? ಇದು ಆರ್‌ಪಿಒ. ಎಷ್ಟು ಹೊತ್ತು ಸಿಸ್ಟಂ ಇಲ್ಲದೆ ಇರಬಹುದು? ಇದು ಆರ್‌ಟಿಒ. ಎಲ್ಲರೂ ಮೊದಲು "ಒಂದು ನಿಮಿಷವೂ ಆಗಲ್ಲ" ಅನ್ನುತ್ತಾರೆ, ಅದು ಸಹಜ. ಪ್ರತಿ ಉತ್ತರಕ್ಕೂ ಎಷ್ಟು ಖರ್ಚಾಗುತ್ತದೆ ಅಂತ ಪಕ್ಕದಲ್ಲಿ ಬರೆದು ತೋರಿಸಿದರೆ ನಿಜವಾದ ಉತ್ತರ ಬರುತ್ತದೆ. ಆ ಪೀಣ್ಯದ ಕಂಪನಿಯಲ್ಲಿ ಮೊದಲ ಸ್ಥಾನ ಬಿಲ್ಲಿಂಗ್‌ಗೆ ಬಂತು, ಯಾಕೆಂದರೆ 50,000 ರೂಪಾಯಿಗಿಂತ ಜಾಸ್ತಿ ಬೆಲೆಯ ಸರಕಿಗೆ ಇ-ವೇ ಬಿಲ್ ಇಲ್ಲದೆ ಲಾರಿ ಗೇಟು ದಾಟುವಂತಿಲ್ಲ. ಎರಡನೆಯದು ಯಂತ್ರಗಳಿಗೆ ಬೇಕಾದ ಡ್ರಾಯಿಂಗ್. ಹಾಜರಾತಿ ಒಂದು ವಾರ ಪುಸ್ತಕದಲ್ಲಿ ಬರೆದರೂ ನಡೆಯುತ್ತದೆ. ಇಲ್ಲೇ ಇನ್ನೊಂದು ಉಪಯೋಗವೂ ಆಯಿತು: ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಬಿದ್ದರೂ ಇ-ವೇ ಬಿಲ್ಲನ್ನು ನೇರವಾಗಿ ಪೋರ್ಟಲ್‌ನಲ್ಲೇ ಮಾಡಬಹುದಲ್ವಾ? ಅದಕ್ಕೆ ಗಿರಾಕಿಗಳ ಜಿಎಸ್‌ಟಿ ನಂಬರ್, ಸರಕಿನ ಬಗೆ ಹೇಳುವ ಎಚ್‌ಎಸ್‌ಎನ್ ಕೋಡ್, ದರಪಟ್ಟಿ ಕಾಗದದಲ್ಲಿ ಇರಬೇಕು, ಲಾಗಿನ್ ಓಟಿಪಿ ಯಾರ ಫೋನಿಗೆ ಹೋಗುತ್ತದೆ ಅಂತ ಗೊತ್ತಿರಬೇಕು. ಇಷ್ಟು ಮಾಡಿಟ್ಟರೆ ಮೊದಲ ದಿನ ಒಂದು ಪೈಸೆ ಖರ್ಚಿಲ್ಲದೆ ದಾಟಿಬಿಡುತ್ತದೆ.

ಈಗ ಲೆಕ್ಕ ಹಾಕಿ. 1 ಟಿಬಿ ಡೇಟಾವನ್ನು 100 ಎಂಬಿಪಿಎಸ್ ಲೈನಿನಲ್ಲಿ ಇಳಿಸಲು, ಲೈನು ಪೂರ್ತಿ ವೇಗದಲ್ಲಿ ಓಡಿದರೂ, ಸುಮಾರು 22 ಗಂಟೆ ಬೇಕು. 4 ಟಿಬಿ ಇದ್ದರೆ ಹತ್ತಿರ ಹತ್ತಿರ ನಾಲ್ಕು ದಿನ. ಮಾಲೀಕರಿಗೆ "ನಾಲ್ಕು ಗಂಟೆಯಲ್ಲಿ ತರುತ್ತೇವೆ" ಅಂತ ಮಾತು ಕೊಟ್ಟು ಪ್ರತಿಯನ್ನು ಬರೀ ಕ್ಲೌಡ್‌ನಲ್ಲಿಟ್ಟರೆ ಆ ಮಾತು ಉಳಿಯುವುದಿಲ್ಲ. ಹಾಗಾಗಿ ಬೇಗ ಬೇಕಾದ ಡೇಟಾದ ಒಂದು ಪ್ರತಿ ಹತ್ತಿರದ ನ್ಯಾಸ್ ಪೆಟ್ಟಿಗೆಯಲ್ಲೂ (ನೆಟ್‌ವರ್ಕಿಗೆ ಸೇರಿಸಿದ ಡಿಸ್ಕುಗಳ ಪೆಟ್ಟಿಗೆ) ಇರಲಿ, ಇನ್ನೊಂದು ದೂರದಲ್ಲಿರಲಿ. ಕ್ಲೌಡ್‌ನಿಂದ ಡೇಟಾ ಹೊರಗೆ ಇಳಿಸಿಕೊಳ್ಳಲೂ ಸಾಮಾನ್ಯವಾಗಿ ದುಡ್ಡು ಕೊಡಬೇಕು, ಬಜೆಟ್‌ನಲ್ಲಿ ಅದನ್ನೂ ಸೇರಿಸಿ.

ಪ್ರತಿಗಳ ಬಗ್ಗೆ ಹಳೆಯ ಮೂರು-ಎರಡು-ಒಂದು ಸೂತ್ರ ಇವತ್ತಿಗೂ ಸರಿ. ಮೂಲವೂ ಸೇರಿ ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಒಂದು ಕಟ್ಟಡದ ಹೊರಗೆ. ನಾನು ಇದಕ್ಕೆ ಇನ್ನೊಂದನ್ನು ಸೇರಿಸುತ್ತೇನೆ, ಅದರಲ್ಲಿ ರಾಜಿಯೇ ಇಲ್ಲ: ಒಂದು ಪ್ರತಿಯನ್ನು ಅಡ್ಮಿನ್ ಪಾಸ್‌ವರ್ಡ್ ಕದ್ದವನೂ ಅಳಿಸಲು ಆಗಬಾರದು. ಕ್ಲೌಡ್‌ನಲ್ಲಿ ಇದಕ್ಕೆ ಆಬ್ಜೆಕ್ಟ್ ಲಾಕ್ ಅನ್ನುವ ಸೌಲಭ್ಯ ಇದೆ, 30 ದಿನ ಅಂತ ಬೀಗ ಹಾಕಿದರೆ ಅಲ್ಲಿಯವರೆಗೆ ಅದು ಅಳಿಯದ ಹಾಗೆ ಮಾಡಬಹುದು. ಅದಾಗದಿದ್ದರೆ ಎರಡು ಡಿಸ್ಕು ತಗೊಳ್ಳಿ, ಒಂದು ಬ್ಯಾಕಪ್ ತೆಗೆಯುವ ಹೊತ್ತಿಗಷ್ಟೇ ಸರ್ವರ್‌ಗೆ ಸೇರಲಿ, ಇನ್ನೊಂದು ಕಿತ್ತು ಬೇರೆ ಕಡೆ ಇರಲಿ, ವಾರಕ್ಕೊಮ್ಮೆ ಅದಲು ಬದಲು ಮಾಡಿ.

"ನಮ್ಮದು ರೇಡ್ ಇದೆ, ಲೈವ್ ರೆಪ್ಲಿಕೇಶನ್ ಇದೆ, ಬ್ಯಾಕಪ್ ಯಾಕೆ?" ಅಂತ ಕೇಳುವವರು ಜಾಸ್ತಿ. ರೇಡ್ ಅಂದರೆ ಡೇಟಾವನ್ನು ಹಲವು ಡಿಸ್ಕುಗಳಲ್ಲಿ ಹಂಚಿಡುವುದು, ಅದು ಒಂದು ಡಿಸ್ಕು ಸತ್ತರೆ ಕಾಪಾಡುತ್ತದೆ, ತಪ್ಪಿ ಅಳಿಸಿದ ಫೈಲನ್ನು ಕಾಪಾಡುವುದಿಲ್ಲ. ರೆಪ್ಲಿಕೇಶನ್ ಅಂದರೆ ಇನ್ನೊಂದು ಯಂತ್ರಕ್ಕೆ ಆಗಿಂದಾಗಲೇ ನಕಲು, ಅದು ಒಳ್ಳೆಯದನ್ನು ಎಷ್ಟು ಬೇಗ ನಕಲು ಮಾಡುತ್ತದೋ ಹಾಳಾದದ್ದನ್ನೂ ಅಷ್ಟೇ ಬೇಗ ನಕಲು ಮಾಡುತ್ತದೆ. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಅನ್ನುವ ಕುತಂತ್ರಾಂಶ ಹಡಗು ಸಾಗಣೆಯ ಮರ್ಸ್ಕ್ ಕಂಪನಿಗೆ ನುಗ್ಗಿದಾಗ ಆದದ್ದು ನೋಡಿ. ಲಾಗಿನ್ ನೋಡಿಕೊಳ್ಳುವ ಡೊಮೈನ್ ಕಂಟ್ರೋಲರ್‌ಗಳು ಪ್ರಪಂಚದ ತುಂಬ ಇದ್ದವು, ಒಂದು ಹೋದರೆ ಇನ್ನೊಂದು ಇರುತ್ತದೆ ಅನ್ನುವ ನಂಬಿಕೆ. ಎಲ್ಲವೂ ಒಟ್ಟಿಗೇ ಹೋದವು. ಘಾನಾ ಕಚೇರಿಯ ಒಂದೇ ಒಂದು ಉಳಿಯಿತು, ದಾಳಿಯ ಹೊತ್ತಿನಲ್ಲಿ ಅಲ್ಲಿ ಕರೆಂಟ್ ಹೋಗಿ ಅದು ನೆಟ್‌ವರ್ಕಿನಿಂದ ಕಡಿದುಹೋಗಿತ್ತು ಅನ್ನುವ ಕಾರಣಕ್ಕೆ. ಅದರಿಂದಲೇ ಎಲ್ಲವನ್ನೂ ಮತ್ತೆ ಕಟ್ಟಿದರು. ನೆಟ್‌ವರ್ಕಿನ ಹೊರಗಿರುವ ಪ್ರತಿ ಯಾಕೆ ಬೇಕು ಅನ್ನುವುದಕ್ಕೆ ನಾನು ಯಾವಾಗಲೂ ಇದನ್ನೇ ಹೇಳುತ್ತೇನೆ.

ಸರಿ, ಇನ್ನು ಜಾಗ. ಡಿಆರ್ ಸೈಟ್ ಆರಿಸುವಾಗ ಕಿಲೋಮೀಟರ್ ಲೆಕ್ಕಕ್ಕಿಂತ ಮೊದಲು ಕೇಳಬೇಕಾದದ್ದು, ಒಂದೇ ಏಟಿಗೆ ಎರಡೂ ಜಾಗ ಹೋಗುವಂಥದ್ದು ಏನಿದೆ ಅಂತ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಐದು ಮಹಡಿಯ ಡೇಟಾ ಸೆಂಟರ್ ಸುಟ್ಟುಹೋಯಿತು, ಬ್ಯಾಕಪ್ ಕೂಡ ಅಲ್ಲೇ ಇಟ್ಟಿದ್ದ ಗಿರಾಕಿಗಳಿಗೆ ಏನೂ ಸಿಗಲಿಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿರುವ ಸರ್ಕಾರಿ ಡೇಟಾ ಸೆಂಟರ್‌ನಲ್ಲಿ ಯುಪಿಎಸ್‌ನ ಲಿಥಿಯಂ ಬ್ಯಾಟರಿಗಳನ್ನು ಬೇರೆ ಕಡೆ ಸಾಗಿಸುವ ಕೆಲಸದ ವೇಳೆ ಬೆಂಕಿ ಹತ್ತಿತು. ನೌಕರರು ಫೈಲು ಇಡುತ್ತಿದ್ದ ಜಿ-ಡ್ರೈವ್‌ನ 858 ಟಿಬಿ ಡೇಟಾ ಹೋಯಿತು. ಗಾತ್ರ ದೊಡ್ಡದು ಅಂತ ಅದೊಂದಕ್ಕೆ ಹೊರಗಿನ ಬ್ಯಾಕಪ್ ಇರಲಿಲ್ಲ. ನಿಮ್ಮ ಸರ್ವರ್ ರೂಮಿನಲ್ಲೂ ಯುಪಿಎಸ್ ಬ್ಯಾಟರಿಗಳು ರ್‍ಯಾಕ್ ಪಕ್ಕದಲ್ಲೇ ಇದ್ದರೆ ಇವತ್ತೇ ಬೇರೆ ಕೋಣೆಗೆ ಹಾಕುವ ಬಗ್ಗೆ ಮಾತಾಡಿ.

ಬೆಂಗಳೂರಿನವರು 2022ರ ಸೆಪ್ಟೆಂಬರ್ ನೆನಪು ಮಾಡಿಕೊಳ್ಳಿ. ಬೆಳ್ಳಂದೂರು, ಹೊರ ವರ್ತುಲ ರಸ್ತೆಯ ಸುತ್ತ ನೀರು ನಿಂತಿತ್ತು, ಟಿ.ಕೆ. ಹಳ್ಳಿಯ ಪಂಪ್ ಹೌಸಿಗೆ ನೀರು ನುಗ್ಗಿ ಊರಿಗೆ ಕಾವೇರಿ ಪೂರೈಕೆಯೂ ನಿಂತಿತು. ಸರ್ವರ್ ಮೂರನೇ ಮಹಡಿಯಲ್ಲಿ ಭದ್ರವಾಗಿದ್ದರೂ ಜನ ಹೋಗಲಾಗದಿದ್ದರೆ, ನೆಲಮಾಳಿಗೆಯ ಜನರೇಟರ್ ನೀರಲ್ಲಿದ್ದರೆ, ಏನು ಪ್ರಯೋಜನ? ವೈಟ್‌ಫೀಲ್ಡ್‌ನಲ್ಲಿ ಕಚೇರಿ, ಮಾರತ್ತಹಳ್ಳಿಯಲ್ಲಿ ಡಿಆರ್ ಅಂದರೆ ಅದು ಡಿಆರ್ ಅಲ್ಲ. ಷೇರು ವಿನಿಮಯ ಕೇಂದ್ರಗಳಂಥ ಸಂಸ್ಥೆಗಳಿಗೆ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ಬೇರೆ ಭೂಕಂಪ ವಲಯದಲ್ಲಿ ಡಿಆರ್ ಇಡಿ, ಆಗದಿದ್ದರೆ ಕನಿಷ್ಠ 500 ಕಿ.ಮೀ. ದೂರವಾದರೂ ಇರಲಿ ಅಂತ ಹೇಳಿದೆ. ಐವತ್ತು ಜನರ ಕಂಪನಿಗೆ ಅಷ್ಟು ಕಟ್ಟುನಿಟ್ಟು ಬೇಡ. ಆದರೆ ಡೇಟಾದ ಜಾಗ, ಜನರ ಜಾಗ ಅಂತ ಎರಡು ಬೇರೆ ಮಾಡಿದರೆ ದಾರಿ ಸುಲಭ. ಡೇಟಾ ದೂರ ಹೋಗಲಿ: ಅಮೆಜಾನ್‌ನವರಿಗೆ ಮುಂಬೈ, ಹೈದರಾಬಾದ್, ಮೈಕ್ರೋಸಾಫ್ಟ್‌ನವರಿಗೆ ಪುಣೆ, ಚೆನ್ನೈ, ಗೂಗಲ್‌ನವರಿಗೆ ಮುಂಬೈ, ದೆಹಲಿಯಲ್ಲಿ ಕ್ಲೌಡ್ ಕೇಂದ್ರಗಳಿವೆ. ಜನ ಹತ್ತಿರದಲ್ಲಿರಲಿ: ತುಮಕೂರು ಅಥವಾ ಮೈಸೂರಿನ ಬ್ರಾಂಚಿನಲ್ಲಿ ಐದಾರು ಕಂಪ್ಯೂಟರ್, ಎರಡು ಬೇರೆ ಕಂಪನಿಗಳ ಇಂಟರ್ನೆಟ್, ಒಂದು ಪ್ರಿಂಟರ್. ರೈಲು ಹತ್ತಿ ಬೆಳಿಗ್ಗೆಯೇ ತಲುಪಬಹುದು. ಎರಡು ಇಂಟರ್ನೆಟ್ ತಗೊಳ್ಳುವಾಗ ಎರಡೂ ಕೇಬಲ್ ಒಂದೇ ಕಂಬದಿಂದ ಬರುತ್ತಿಲ್ಲ ಅಂತ ಕಣ್ಣಾರೆ ನೋಡಿ.

ಸೈಟ್ ಎಷ್ಟು ಸಿದ್ಧವಾಗಿರಬೇಕು ಅನ್ನುವುದು ನಿಮ್ಮ ಆರ್‌ಟಿಒ ಮೇಲೆ ನಿಂತಿದೆ. ಕೋಲ್ಡ್ ಅಂದರೆ ಜಾಗ, ಕರೆಂಟ್ ಇದೆ, ಯಂತ್ರ ತರಬೇಕು, ದಿನಗಳು ಹಿಡಿಯುತ್ತವೆ. ವಾರ್ಮ್ ಅಂದರೆ ಯಂತ್ರ ಇದೆ, ಕೊನೆಯ ಬ್ಯಾಕಪ್ ಹಾಕಿ ಎಬ್ಬಿಸಬೇಕು, ಗಂಟೆಗಳು. ಹಾಟ್ ಅಂದರೆ ಅಲ್ಲೂ ಎಲ್ಲ ಓಡುತ್ತಲೇ ಇರುತ್ತದೆ, ಖರ್ಚು ಹೆಚ್ಚುಕಡಿಮೆ ಎರಡು ಪಟ್ಟು. ನನ್ನ ಅಭಿಪ್ರಾಯದಲ್ಲಿ ಇಂಥ ಬಹುತೇಕ ಕಂಪನಿಗಳಿಗೆ ಬಿಲ್ಲಿಂಗ್ ವಾರ್ಮ್, ಮಿಕ್ಕಿದ್ದೆಲ್ಲ ಕೋಲ್ಡ್ ಸಾಕು. ಹಾಟ್ ಸೈಟಿಗೆ ಸುರಿಯುವ ದುಡ್ಡಿನ ಸ್ವಲ್ಪ ಭಾಗವನ್ನು ಅಭ್ಯಾಸಕ್ಕೆ ಕೊಡಿ.

ಕಾನೂನಿನ ಮಾತು ಚಿಕ್ಕದಾಗಿ. ಪ್ರೈವೇಟ್ ಲಿಮಿಟೆಡ್ ಆಗಿದ್ದರೆ, ಕಂಪ್ಯೂಟರ್‌ನಲ್ಲಿಟ್ಟ ಲೆಕ್ಕಪತ್ರಗಳ ಬ್ಯಾಕಪ್ ಭಾರತದಲ್ಲೇ ಇರುವ ಸರ್ವರ್‌ನಲ್ಲಿ ದಿನವೂ ಇರಬೇಕು ಅಂತ ಕಂಪನಿ ಲೆಕ್ಕಪತ್ರ ನಿಯಮಗಳ 2022ರ ಆಗಸ್ಟ್ ತಿದ್ದುಪಡಿ ಹೇಳುತ್ತದೆ. ಜಿಎಸ್‌ಟಿ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಇಟ್ಟಿರಬೇಕು. ಸೈಬರ್ ದಾಳಿ ಆದರೆ ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು, ಆ ಇಮೇಲ್ ವಿಳಾಸವನ್ನು ಕಾಗದದಲ್ಲಿ ಬರೆದಿಡಿ.

ಹೌದು, ಕಾಗದ. ಡಿಆರ್ ಯೋಜನೆಯ ಕಡತವೇ ಕೆಟ್ಟು ಕೂತ ಸರ್ವರ್‌ನೊಳಗೆ ಇದ್ದದ್ದನ್ನು ನಾನು ನೋಡಿದ್ದೇನೆ. ಬ್ಯಾಕಪ್ ಬಿಚ್ಚುವ ಪಾಸ್‌ವರ್ಡ್, ಡಿಸ್ಕಿನ ಬೀಗ ತೆಗೆಯುವ ಬಿಟ್‌ಲಾಕರ್ ಕೀ, ಡೊಮೈನ್ ಹೆಸರಿನ ಲಾಗಿನ್, ಟ್ಯಾಲಿ ಲೈಸೆನ್ಸಿನ ಮೇಲ್ ಐಡಿ (ಹೊಸ ಯಂತ್ರದಲ್ಲಿ ಮತ್ತೆ ಆಕ್ಟಿವೇಟ್ ಮಾಡಬೇಕಲ್ಲ), ಯಾರಿಗೆ ಫೋನ್ ಮಾಡಬೇಕು, ಡಿಆರ್‌ಗೆ ಹೋಗೋಣ ಅಂತ ಹೇಳುವ ಅಧಿಕಾರ ಯಾರದು, ಅವರು ಸಿಗದಿದ್ದರೆ ಯಾರದು. ಇಷ್ಟನ್ನೂ ಲಕೋಟೆಯಲ್ಲಿ ಹಾಕಿ ಒಂದು ಬ್ಯಾಂಕ್ ಲಾಕರ್‌ನಲ್ಲಿ, ಒಂದು ಮಾಲೀಕರ ಮನೆಯಲ್ಲಿ ಇಡಿ. ಕೆಲಸ ಬಿಟ್ಟು ಹೋದವರ ಫೋನಿಗೆ ಇನ್ನೂ ಓಟಿಪಿ ಹೋಗುತ್ತಿದೆಯಾ ಅಂತ ಈ ವಾರವೇ ನೋಡಿ.

ಕೊನೆಗೆ ಅಭ್ಯಾಸ. 2017ರ ಜನವರಿ 31ರಂದು ಸಾಫ್ಟ್‌ವೇರ್ ಕೋಡ್ ಇಡುವ ಸೇವೆ ಕೊಡುವ ಗಿಟ್‌ಲ್ಯಾಬ್ ಕಂಪನಿಯ ಒಬ್ಬ ಎಂಜಿನಿಯರ್ ತಪ್ಪಿ ಮುಖ್ಯ ಡೇಟಾಬೇಸನ್ನೇ ಅಳಿಸಿದರು. ದಿನನಿತ್ಯದ ಬ್ಯಾಕಪ್ ಸಾಫ್ಟ್‌ವೇರ್ ಆವೃತ್ತಿ ಹೊಂದದೆ ಸುಮ್ಮನೆ ವಿಫಲವಾಗುತ್ತಿತ್ತು, ವಿಫಲವಾಗಿದೆ ಅಂತ ಹೇಳುವ ಮೇಲ್‌ಗಳೂ ಯಾರಿಗೂ ತಲುಪುತ್ತಿರಲಿಲ್ಲ. ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆ ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಡೇಟಾದ ನಕಲು) ಅವರನ್ನು ಉಳಿಸಿತು. ಆದ್ದರಿಂದ "ಸಕ್ಸಸ್" ಅನ್ನುವ ಹಸಿರು ಗುರುತನ್ನು ನಂಬಬೇಡಿ. ತಿಂಗಳಿಗೊಮ್ಮೆ ಯಾವುದಾದರೂ ಹತ್ತು ಫೈಲು ವಾಪಸ್ ತಂದು ತೆರೆದು ನೋಡಿ. ಮೂರು ತಿಂಗಳಿಗೊಮ್ಮೆ ಟ್ಯಾಲಿ ಡೇಟಾವನ್ನು ಬೇರೆ ಯಂತ್ರದಲ್ಲಿ ಪೂರ್ತಿ ಎಬ್ಬಿಸಿ, ನಿನ್ನೆಯ ಕೊನೆಯ ಬಿಲ್ ನಂಬರ್ ಇದೆಯಾ ಅಂತ ಅಕೌಂಟೆಂಟ್ ಹತ್ತಿರವೇ ನೋಡಿಸಿ. ವರ್ಷಕ್ಕೆರಡು ಸಲ ಪೂರ್ತಿ ಡ್ರಿಲ್. ಜಿಎಸ್‌ಟಿ ರಿಟರ್ನಿನ 11, 20ನೇ ತಾರೀಕು, ಮಾರ್ಚ್ ಕೊನೆ ಬಿಟ್ಟು ಒಂದು ಶನಿವಾರ ಆರಿಸಿ. ಯಾವಾಗಲೂ ಮಾಡುವವರನ್ನು ಅವತ್ತು ಸುಮ್ನೆ ಕೂರಿಸಿ, ಬೇರೆಯವರು ಕಾಗದ ನೋಡಿಕೊಂಡು ಮಾಡಲಿ, ಗಡಿಯಾರ ನೋಡಿ ಸಮಯ ಬರೆಯಿರಿ. ಎಲ್ಲಿ ತಡವರಿಸಿದರೋ ಅಲ್ಲಿ ಕಾಗದ ತಿದ್ದಬೇಕು, ಅವರನ್ನಲ್ಲ.

ಡ್ರಿಲ್‌ನಲ್ಲಿ ವಾಪಸ್ ಬರುವ ದಾರಿಯನ್ನೂ ಸೇರಿಸಿ, ಇದನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಡಿಆರ್‌ನಲ್ಲಿ ಮೂರು ದಿನ ಬಿಲ್ ಹಾಕಿದ್ದರೆ ಹೊಸ ಡೇಟಾ ಈಗ ಅಲ್ಲಿದೆ, ಹಳೆಯ ಸರ್ವರ್ ರಿಪೇರಿಯಾಗಿ ಬಂದಾಗ ಅದರಲ್ಲಿರುವುದು ಹಳೆಯದು. ಎರಡೂ ಕಡೆ ಒಟ್ಟಿಗೆ ಬಿಲ್ ಹಾಕಿದರೆ ನಂಬರುಗಳು ಕಲಸಿಹೋಗುತ್ತವೆ. ಒಂದು ಸಂಜೆ ಎಲ್ಲರನ್ನೂ ಲಾಗ್‌ಔಟ್ ಮಾಡಿಸಿ, ಡಿಆರ್‌ನಿಂದ ಹೊಸ ಬ್ಯಾಕಪ್ ತೆಗೆದು, ಮುಖ್ಯ ಸರ್ವರ್‌ಗೆ ಹಾಕಿ, ಕೊನೆಯ ಬಿಲ್ ನಂಬರ್ ತಾಳೆ ನೋಡಿ, ಆಮೇಲೆಯೇ ಬಾಗಿಲು ತೆರೆಯಿರಿ. ಅಲ್ಲಿಯವರೆಗೆ ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡಲು ಯಾರಿಗೂ ಬಿಡಬೇಡಿ.