ಐದು ಅಕ್ಷರ, ಹಳೆ ಲಗ್ನಪತ್ರಿಕೆ, ಒಂದು ಬಿಲ್ಲೆ

ನಾಲ್ಕೈದು ವರ್ಷದ ಮಗುವಿಗೆ ಮನೆಯಲ್ಲಿ ಕನ್ನಡ ಓದು ಹತ್ತಿಸುವಾಗ ನಾನು ಅ ಆ ಇ ಈಯಿಂದ ಶುರು ಮಾಡುವುದಿಲ್ಲ. ಆ ಸಾಲು ಬಾಯಿಪಾಠಕ್ಕೆ ಚೆಂದ. ಆದರೆ 13 ಸ್ವರ ಕಲಿತರೂ ಮಗುವಿಗೆ ಓದಲು ಪದಗಳು ಸಿಗುವುದಿಲ್ಲ. ಸರ್ಕಾರಿ ಶಾಲೆಗಳ ನಲಿ-ಕಲಿ (ಆಟ-ಚಟುವಟಿಕೆಯ ಕಲಿಕೆ) ತರಗತಿಗಳ ರ, ಗ, ಸ, ದ, ಅ ಕ್ರಮ ಹಿಡಿದರೆ ಮೊದಲ ವಾರದಲ್ಲೇ ಸರ, ರಸ, ಅರಸ, ಅಗಸ, ಗರಗಸ ಸಿಗುತ್ತವೆ.

ಹಳೆ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು ಮೂರು ಇಂಚಿನ ಚೌಕಗಳಾಗಿ ಕತ್ತರಿಸಿ, ಒಂದೊಂದು ಅಕ್ಷರಕ್ಕೆ ಎರಡೆರಡು ಕಾರ್ಡು ಬರೆದುಕೊಳ್ಳುತ್ತೇನೆ. ಹತ್ತನ್ನೂ ಬೋರಲು ಹಾಕಿ ಜೋಡಿ ಹುಡುಕುವ ಆಟ. ತಿರುಗಿಸಿದ ಅಕ್ಷರವನ್ನು ಬಾಯಿಬಿಟ್ಟು ಹೇಳಿದರೆ ಮಾತ್ರ ಜೋಡಿ ಅವರದು. ಆಮೇಲೆ ಅದೇ ಕಾರ್ಡುಗಳಿಂದ ಪದ ಕಟ್ಟುವುದು. ಇಲ್ಲಿ ದೊಡ್ಡವರು ಮಾಡುವ ತಪ್ಪೆಂದರೆ "ಸ... ರ..." ಎಂದು ಬಿಡಿಬಿಡಿಯಾಗಿ ಹೇಳಿಸುವುದು. ಮಗು ಅಕ್ಷರ ಒಪ್ಪಿಸುತ್ತದೆ, ಪದ ಕೇಳಿಸಿಕೊಳ್ಳುವುದಿಲ್ಲ. ನಡುವೆ ಉಸಿರು ಕಡಿಯದೆ ಎಳೆದು ಹೇಳಿಸಬೇಕು.

ಅಂಗಳದಲ್ಲಾದರೆ ಕುಂಟೆಬಿಲ್ಲೆ. ಎಂಟು ಮನೆ, ಮನೆಗೊಂದು ಅಕ್ಷರ, ಬಿಲ್ಲೆ ಬಿದ್ದ ಮನೆಯ ಅಕ್ಷರ ಹೇಳಿಯೇ ಕುಂಟಬೇಕು. ಎರಡು ಆಟಕ್ಕೊಮ್ಮೆ ಅಕ್ಷರ ಅದಲುಬದಲು ಮಾಡದಿದ್ದರೆ ಮಗು ಅಕ್ಷರ ಬಿಟ್ಟು ಜಾಗವನ್ನು ನೆನಪಿಟ್ಟುಕೊಳ್ಳುತ್ತದೆ.

ವ, ಮ, ಪ ನೋಡಲು ಒಂದೇ ಥರ, ಒಟ್ಟಿಗೆ ಬೇಡ. ವ ಗಟ್ಟಿಯಾಗಿ ವಾರ ಕಳೆದ ಮೇಲೆ ಮ. ವು ಬರೆಯುವಾಗ ಕೊಂಬು (ಉಕಾರದ ಗುರುತು) ಕೆಳಕ್ಕಿಳಿಯುವುದೂ ಇದೇ ಕಾರಣಕ್ಕೆ: ಪಕ್ಕದಲ್ಲಿ ಹಾಕಿದರೆ ಅದು ಮ ಆಗಿಬಿಡುತ್ತದೆ.

ಹೆಚ್ಚಿನ ಮಕ್ಕಳು ಮುಗ್ಗರಿಸುವುದು ಕಾಗುಣಿತದಲ್ಲಿ. ಕ, ಗ, ದ, ರ, ಸ ಐದನ್ನೂ ತಲಕಟ್ಟಿಲ್ಲದೆ (ನೆತ್ತಿಯ ಗುರುತಿಲ್ಲದೆ) ಕಾರ್ಡಿನ ಮೇಲೆ ಬರೆಯಿರಿ. ತಲಕಟ್ಟು, ಇಳಿ, ಗುಡಿಸು, ಏತ್ವಗಳನ್ನು ಪಾರದರ್ಶಕ ಪ್ಲಾಸ್ಟಿಕ್ ತುಂಡುಗಳ ಮೇಲೆ ಬಿಡಿಸಿ ಅಕ್ಷರದ ಮೇಲಿಡಿ. ಗ ಇದ್ದದ್ದು ಗಾ, ಗಿ, ಗೆ ಆಗುವುದು ಮಗುವಿನ ಕೈಯಲ್ಲೇ ನಡೆಯುತ್ತದೆ. ಕೊಂಬಿನ ತುಂಡಿನಲ್ಲಿ ತಲಕಟ್ಟನ್ನೂ ಸೇರಿಸಿ ಬರೆಯಬೇಕು, ಇಲ್ಲದಿದ್ದರೆ ಗು ಬೋಳಾಗಿ ಕಾಣುತ್ತದೆ. ಬ, ಜ, ಲ, ಟಗಳಿಗೆ ತಲಕಟ್ಟೇ ಇಲ್ಲ. ಅವನ್ನು ಈ ಆಟಕ್ಕೆ ತಂದರೆ ಗೊಂದಲ.

ಹ್ರಸ್ವ-ದೀರ್ಘಕ್ಕೆ ಚಪ್ಪಾಳೆ ಸಾಕು: ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ಕರು–ಕಾರು, ಬಳೆ–ಬಾಳೆ, ಕೆರೆ–ಕೇರೆ. ಕೇರೆ ಎಂದರೆ ಹಾವು ಎಂದು ಗೊತ್ತಾದ ಮಗು ಆ ದೀರ್ಘವನ್ನು ಬಿಡುವುದೇ ಇಲ್ಲ.

ಓದಿದ್ದು ಅರ್ಥವಾಯಿತೇ ಎಂದು ನೋಡಲು ಚೀಟಿ ಆಟ. ಓಡು, ಹಾರು, ಕುಣಿ, ನಗು, ಹಾಡು ಎಂದು ಬರೆದು ಡಬ್ಬಿಗೆ ಹಾಕಿ. ಮನಸ್ಸಿನಲ್ಲೇ ಓದಿ, ಮಾಡಿ ತೋರಿಸಬೇಕು. ಮಗು ಇನ್ನೂ ಬೇಕು ಅಂದರೂ ಹತ್ತು ನಿಮಿಷಕ್ಕೆ ಆಟ ಮುಗಿಸಿ. ಮುಂದೆ ವಾಕ್ಯ ಬರೆಯುವಾಗ ಮನೆಮಾತಿಗೆ ಹತ್ತಿರವಿರಲಿ: "ಅಜ್ಜಿ ಕನ್ನಡಕ ಎಲ್ಲಿ?" ಮನೆಯಲ್ಲಿ "ಮಾಡ್ತೀನಿ" ಕೇಳುವ ಮಗುವಿಗೆ "ಮಾಡುತ್ತೇನೆ" ಹೊಸ ಪದ.

ಒತ್ತಕ್ಷರಗಳಲ್ಲಿ ಅರ್ಕಾವತ್ತು ಕಡೆಗಿರಲಿ. ಸೂರ್ಯ ಎಂಬಲ್ಲಿ ಕಣ್ಣಿಗೆ ಮೊದಲು ಸಿಗುವುದು ಯ, ಬಾಯಿಗೆ ಮೊದಲು ಬರಬೇಕಾದ್ದು ರ್. ಅದಕ್ಕೇ ಮಕ್ಕಳು "ಸೂಯರ" ಎನ್ನುತ್ತಾರೆ. ೯ರಂತಿರುವ ಆ ಗುರುತನ್ನು ಕೆಂಪು ಶಾಯಿಯಲ್ಲಿ ಬರೆದು, ಕೆಂಪು ಕಂಡರೆ ಮೊದಲು ಅದನ್ನೇ ಹೇಳಬೇಕು ಎಂದು ಆಟದ ನಿಯಮ ಮಾಡುತ್ತೇನೆ. ಹತ್ತಿಪ್ಪತ್ತು ಪದಗಳಾದ ಮೇಲೆ ಶಾಯಿ ಕಪ್ಪು.